ನಡುವೆಯೇ ಕೂತ ಮೂವತ್ತೆಂಟು ಮಂದಿ

"ಬುದ್ಧಿ, ನೆಟ್ಟಗಿರುವ ಮನೆಗೆ ಸೊಟ್ಟಗಿರುವವನೊಬ್ಬ ಬಂದು ಸೇರಿಕೊಂಡರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಕೇಳಿದರು, "ಸೊಟ್ಟಗಿರುವವನು ಯಾರಪ್ಪ?"

"ಹೊಸದಾಗಿ ಬಂದಿದ್ದಾನಲ್ಲ, ಬಡಿಸುವವನು. ಪಂಕ್ತಿಯಲ್ಲಿ ಭೇದ ಮಾಡುತ್ತಾನೆ. ನಾನು ಈ ಮಠದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಹಳೆಯ ಬಡಿಸುವವನ ಕಾಲದಲ್ಲಿ ಇಂಥದ್ದನ್ನು ಕಂಡವನಲ್ಲ. ಅವನು ದೇವರಂಥ ಮನುಷ್ಯ, ನಮ್ಮೂರವನೇ. ಇವನನ್ನು ಕಳಿಸಿಬಿಡಿ ಬುದ್ಧಿ. ನಾಳೆ ಬೆಳಿಗ್ಗೆಯೇ ಕಳಿಸಿಬಿಡಿ."

"ಭೇದ ಎಂದರೆ ಏನು ಮಾಡುತ್ತಾನೆ?"

"ಬಾಯಲ್ಲಿ ಹೇಳಲು ಬರುವುದಿಲ್ಲ. ಉಣ್ಣಲು ಕೂತರೆ ಗೊತ್ತಾಗುತ್ತದೆ. ಪಂಕ್ತಿಯೇ ಒಂದು ಕಡೆಗೆ ವಾಲಿದ ಹಾಗೆ ಇರುತ್ತದೆ."

"ಹಾಗೋ" ಎಂದರು ಗುರುಗಳು. "ವಾಲಿದ್ದು ಎಂದೆಯಲ್ಲ, ನನಗೊಂದು ಹಡಗು ನೆನಪಾಯಿತು. ಕತೆ ಮುಗಿಯಲಿ. ಆಮೇಲೆ ಅವನ ಗಂಟುಮೂಟೆ ನೀನೇ ಕಟ್ಟಿಕೊಡುವೆಯಂತೆ."

ಶಿಷ್ಯ ಖುಷಿಯಾಗಿ ಚಕ್ಕಳಮಕ್ಕಳ ಹಾಕಿದ. ಗುರುಗಳು ಹೇಳತೊಡಗಿದರು.

ಕಡಲ ತೀರದಲ್ಲಿ ಒಬ್ಬ ಅರಸ. ಅವನಿಗೂ ದ್ವೀಪದ ಅರಸನಿಗೂ ಯುದ್ಧ. ಏತಕ್ಕೆ ಹತ್ತಿಕೊಂಡಿತೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಆದರೂ ಹನ್ನೊಂದು ವರ್ಷದಿಂದ ಬಿಡದೆ ನಡೆದಿತ್ತು. ತೀರದ ಅರಸನಿಗೆ ಇದ್ದದ್ದು ಒಂದೇ ಯುದ್ಧದ ಹಡಗು. ಅದಕ್ಕೆ ಒಬ್ಬ ಸರದಾರ, ಮೂವತ್ತೆಂಟು ಮಂದಿ ಖಲಾಸಿಗಳು. ಖಲಾಸಿಗಳಲ್ಲಿ ಹಿರಿಯನಾದವನು ತಂಡೇಲ. ಯುದ್ಧ ಶುರುವಾದ ದಿನ ಹಡಗು ಹತ್ತಿದವರೇ ಈಗಲೂ ಇದ್ದರು. ಹತ್ತುವಾಗ ಮೀಸೆ ತಿರುವುತ್ತಿದ್ದವರು ಈಗ ಮೀಸೆಗೆ ಮಸಿ ಬಳಿಯುತ್ತಿದ್ದರು.

ಹಡಗು ಹುಟ್ಟಿದಾಗ ನೆಟ್ಟಗೇ ಇತ್ತು. ಎರಡೂ ಮಗ್ಗುಲಿಗೆ ನಾಲ್ಕು ನಾಲ್ಕು ಸಣ್ಣ ತೋಪುಗಳು. ಮೊದಲ ವರ್ಷದ ಕಾಳಗದಲ್ಲಿ ಶತ್ರುವಿನ ಒಂದು ದೊಡ್ಡ ತೋಪು ಕೈಗೆ ಸಿಕ್ಕಿತು. ಹಂಡೆಯಂಥ ಬಾಯಿ, ಎಂಟು ಎಮ್ಮೆಯ ತೂಕ. ಹಗ್ಗ ಹಾಕಿ ಎಳೆದು ಹಡಗಿಗೆ ಏರಿಸಿದಾಗ ಅದು ಬಲಮಗ್ಗುಲಲ್ಲಿ ಕೂತಿತು. ಕೂತದ್ದು ಏಳಲಿಲ್ಲ. ಹಡಗು ಬಲಕ್ಕೆ ಒಂದು ಗೇಣು ವಾಲಿತು. ಅರಸನಿಗೆ ಆ ತೋಪೆಂದರೆ ಹೊಸ ಅಳಿಯನ ಮೇಲಿನಷ್ಟು ಪ್ರೀತಿ. ಇಳಿಸೋಣ ಎನ್ನುವ ಧೈರ್ಯ ಯಾರಿಗಿದೆ? ಸರದಾರ ಒಂದು ಕಟ್ಟಳೆ ಮಾಡಿದ. ಖಲಾಸಿಗಳು ಉಣ್ಣುವುದು, ಮಲಗುವುದು, ಹರಟೆ ಕೊಚ್ಚುವುದು ಎಲ್ಲ ಎಡಮಗ್ಗುಲಲ್ಲಿ. ಎಲ್ಲರೂ ಒಟ್ಟಿಗೆ ಬಲಕ್ಕೆ ಹೋದರೆ ಒಬ್ಬೊಬ್ಬನಿಗೂ ಹತ್ತು ಛಡಿ ಏಟು. ಮೂವತ್ತೆಂಟು ಮಂದಿ ಎಡಕ್ಕೆ ಹೋಗಿ ಕೂತರು. ಹಡಗು ನೆಟ್ಟಗಾಯಿತು.

ಮೊದಲ ವರ್ಷ ಅದು ಕಟ್ಟಳೆ. ಎರಡನೆಯ ವರ್ಷ ಅಭ್ಯಾಸ. ಆಮೇಲೆ ಅದು ಏನೂ ಅಲ್ಲ, ಹಡಗು ಎಂದರೆ ಹಾಗೇ. ಗಂಜಿಯ ಗುಡಾಣ ಎಡಕ್ಕೆ, ಚಾಪೆ ಎಡಕ್ಕೆ, ಚೌಕಾಬಾರದ ಮನೆ ಗೀಚಿದ್ದೂ ಎಡಕ್ಕೆ. ಅಲೆ ಸ್ವಲ್ಪ ಜೋರಾಗಿ ಹಡಗು ಬಲಕ್ಕೆ ತೂಗಿದರೆ ತಂಡೇಲ ಮಲಗಿದಲ್ಲಿಂದಲೇ "ಬಲ ಭಾರ!" ಎಂದು ಕೂಗುತ್ತಿದ್ದ. ಮೂವತ್ತೆಂಟು ಕುಂಡೆಗಳು ಒಟ್ಟಿಗೆ ಒಂದು ಗೇಣು ಎಡಕ್ಕೆ ಜರುಗುತ್ತಿದ್ದವು. ಯಾರೂ ಕಣ್ಣು ಕೂಡ ತೆರೆಯುತ್ತಿರಲಿಲ್ಲ.

ದಡಕ್ಕೆ ಇಳಿದರೂ ಚಾಳಿ ಬಿಡಲಿಲ್ಲ. ಒಮ್ಮೆ ತಂಡೇಲನ ಮಗಳ ಮದುವೆ. ಬೀಗರನ್ನು ಕೂರಿಸಲು ನಡುವೆ ಒಂದು ದಿಮ್ಮಿ ಇಟ್ಟು ಉದ್ದನೆಯ ಹಲಗೆ ಹಾಕಿದ್ದರು. ಬಲತುದಿಯಲ್ಲಿ ಗಂಡಿನ ಸೋದರಮಾವ ಕೂತಿದ್ದ. ಖಲಾಸಿಗಳು ಬಂದರು, ಎಡತುದಿಯಲ್ಲಿ ಕೂತರು. ಸೋದರಮಾವ ಚಪ್ಪರಕ್ಕೆ ಸಿಕ್ಕಿಕೊಂಡ.

ಹನ್ನೊಂದನೆಯ ವರ್ಷ ಅರಸನ ಮನಸ್ಸು ಬದಲಾಯಿತು. ದೊಡ್ಡ ತೋಪು ಕೋಟೆಯ ಬಾಗಿಲಲ್ಲಿದ್ದರೆ ಬರುವವರಿಗೆಲ್ಲ ಕಾಣುತ್ತದೆ ಎಂದು ಅವನಿಗೆ ಹೊಳೆಯಿತು. ಹಡಗನ್ನು ದಡಕ್ಕೆ ಎಳೆದರು. ಖಲಾಸಿಗಳನ್ನು ಮನೆಗೆ ಕಳಿಸಿದರು. ಆನೆ ತರಿಸಿ ತೋಪನ್ನು ಇಳಿಸಿದರು. ಹಡಗಿನ ರಿಪೇರಿಗೆ ಒಬ್ಬ ಆಚಾರಿಯನ್ನು ಕರೆಸಿದರು.

ಆಚಾರಿ ಕೆಲಸದಲ್ಲಿ ಅಪ್ಪಟ. ಮಾತು ಕಡಿಮೆ. ನಲವತ್ತು ದಿನ ಕೆತ್ತಿದ, ಹಗ್ಗದಿಂದ ಹಲಗೆ ಹೊಲಿದ, ಮೀನೆಣ್ಣೆ ಬಳಿದ. ಹಡಗಿನ ಹೊಟ್ಟೆಯೊಳಗೆ ಕಲ್ಲು ಜೋಡಿಸಿ ತೂಕ ಹೊಂದಿಸಿದ. ನೀರಿಗೆ ಇಳಿಸಿದ ಮೇಲೆ ತಳಮನೆಗೆ ಹೋಗಿ ತೊಲೆಯಿಂದ ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟ. ಗುಂಡು ನೇರ ನಡುಗೆರೆಯ ಮೇಲೆ ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆಚಾರಿ ಗುಂಡಿಗೆ ಕೈ ಮುಗಿದ. ಕೂಲಿಯ ಜೊತೆಗೆ ಒಂದು ಪಂಚೆಯಾದರೂ ಕೊಟ್ಟಾರು ಎಂದುಕೊಂಡ.

ಮರುದಿನ ಪೂಜೆ. ಖಲಾಸಿಗಳು ಹಡಗು ಹತ್ತಿದರು. ಹತ್ತಿದವರೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು. ಸರದಾರ ಹಡಗಿನ ನಡುವೆ ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ ತೆಂಗಿನಕಾಯಿ ಇಟ್ಟು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಕಾಯಿ ಇರಲಿಲ್ಲ. ಅದು ಉರುಳಿಕೊಂಡು ಎಡಕ್ಕೆ ಹೋಗಿ ತಂಡೇಲನ ಮಡಿಲಲ್ಲಿ ಕೂತಿತ್ತು.

"ಹಡಗು ಸೊಟ್ಟ!" ಎಂದ ತಂಡೇಲ. "ಎಡಕ್ಕೆ ವಾಲಿದೆ! ಹನ್ನೊಂದು ವರ್ಷ ನೆಟ್ಟಗಿದ್ದ ಹಡಗನ್ನು ಹಾಳು ಮಾಡಿಬಿಟ್ಟನಲ್ಲ ಮಾರಾಯ, ಈ ಕೊಡಲಿ ಹಿಡಿದವನು!"

ಮೂವತ್ತೇಳು ಮಂದಿ ಹೂಂಗುಟ್ಟಿದರು.

ಸರದಾರ ಆಚಾರಿಯನ್ನು ಹಿಡಿತರಿಸಿದ. "ದ್ವೀಪದವರ ಹಡಗು ಮೂರು ದಿನಕ್ಕೆ ಇಲ್ಲಿರುತ್ತದೆ. ಹೀಗೆ ವಾಲಿಕೊಂಡು ಹೋದರೆ ನಮ್ಮ ಎಡಗಡೆ ತೋಪು ಮೀನಿಗೆ ಗುಂಡು ಹೊಡೆಯುತ್ತವೆ, ಬಲಗಡೆ ತೋಪು ಹದ್ದಿಗೆ ಹೊಡೆಯುತ್ತವೆ. ಮೂರು ದಿನದಲ್ಲಿ ನೆಟ್ಟಗೆ ಮಾಡು. ಇಲ್ಲವಾದರೆ ನಿನ್ನನ್ನೇ ಬಲಮಗ್ಗುಲಿಗೆ ಹೊರಗಡೆ ಕಟ್ಟಿ ತೂಕ ಸರಿ ಮಾಡಿಕೊಳ್ಳುತ್ತೇನೆ. ಕಾಳಗಕ್ಕೂ ಹಾಗೇ ಒಯ್ಯುತ್ತೇನೆ."

 ಆಚಾರಿ ತಳಮನೆಗೆ ಓಡಿದ. ಸೀಸದ ಗುಂಡು ನಡುಗೆರೆಯಿಂದ ಒಂದು ಗೇಣು ಎಡಕ್ಕೆ ನಿಂತಿತ್ತು. ನಿನ್ನೆ ನೋಡಿದ್ದು ಇದೇ ಗುಂಡು, ಇದೇ ಗೆರೆ. ತನ್ನ ಕಣ್ಣನ್ನೇ ಉಜ್ಜಿಕೊಂಡ. ಕಣ್ಣಿನಲ್ಲಿ ಏನೂ ಇರಲಿಲ್ಲ, ನೀರು ಮಾತ್ರ ಬಂತು.

ಮೊದಲ ದಿನ ಅವನು ಬಲಗಡೆಗೆ ಕಲ್ಲು ಹಾಕಿಸಿದ. ಹತ್ತು ಕಲ್ಲು ಬೀಳುವಷ್ಟರಲ್ಲಿ ಹಡಗು ಬಲಕ್ಕೆ ತುಸು ತೂಗಿತು. ಮೇಲಿನಿಂದ ತಂಡೇಲನ ದನಿ ಕೇಳಿಸಿತು: "ಬಲ ಭಾರ!" ಕೂಡಲೇ ಧಬಕ್ಕೆಂದು ಒಂದು ಸದ್ದು. ಗುಂಡು ಹೋಗಿ ಮತ್ತೆ ಎಡಕ್ಕೆ ನಿಂತಿತು. ಆಚಾರಿ ಇನ್ನೂ ಹತ್ತು ಕಲ್ಲು ಹಾಕಿಸಿದ. "ಬಲ ಭಾರ!" ಮತ್ತೆ ಧಬಕ್. ಸಂಜೆಯ ಹೊತ್ತಿಗೆ ಗುಂಡು ಅಲ್ಲೇ ಇತ್ತು, ಹಡಗು ಮಾತ್ರ ಎರಡು ಮೊಳ ಕೆಳಗೆ ಇಳಿದಿತ್ತು. ಸರದಾರ ಬಂದು ಬಗ್ಗಿ ನೋಡಿದ. ನೀರು ತೋಪಿನ ಬಾಯಿಗೆ ನಾಲ್ಕೇ ಬೆರಳು ಕೆಳಗಿತ್ತು.

"ಇನ್ನೊಂದು ಕಲ್ಲು ಹಾಕಿದರೆ ನಾವು ಕಾಳಗವನ್ನು ಕಡಲ ತಳದಲ್ಲಿ ಮಾಡಬೇಕು" ಎಂದ. ಹಾಕಿದ ಕಲ್ಲನ್ನೆಲ್ಲ ಆಚಾರಿ ತೆಗೆಸಿದ.

ಎರಡನೆಯ ದಿನ ಅವನು ಗುಂಡಿನ ಮುಂದೆ ಸುಮ್ಮನೆ ಕೂತ. ಕೆಲಸ ಗೊತ್ತಿರುವವನಿಗೆ ಕೆಲಸ ಕೈಕೊಟ್ಟರೆ ಬೇರೆ ದಾರಿಯಿಲ್ಲ. ಕೂತು ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ಮೀನು ಮಾರುವ ದುರ್ಗಕ್ಕನ ದೋಣಿ ಬಂತು. ದುರ್ಗಕ್ಕ ಯಾವಾಗಲೂ ಹಡಗಿನ ಬಲಗಡೆಗೇ ಬರುತ್ತಿದ್ದಳು. ಎಡಗಡೆಗೆ ಹೋದರೆ ಮೂವತ್ತೆಂಟು ಮಂದಿ ಕೈ ತೊಳೆದ ನೀರು, ಉಗಿದ ಎಲೆಯಡಿಕೆ ಎಲ್ಲ ತಲೆಯ ಮೇಲೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

"ಬಂಗಡೆ! ಈಗ ಹಿಡಿದ ಬಂಗಡೆ! ಯಾರಿಗೆ ಬೇಕು?" ಎಂದು ಕೂಗಿದಳು.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. "ಬುದ್ಧಿ, ಮಠದೊಳಗೆ ಮೀನಿನ ಮಾತು…"

"ಮೀನು ಕತೆಯಲ್ಲಿದೆ, ನಿನ್ನ ಎಲೆಯಲ್ಲಿಲ್ಲ. ಕೇಳು" ಎಂದು ಗುರುಗಳು ಮುಂದುವರಿಸಿದರು.

ಮೇಲೆ ಗುಡುಗಿದಂತೆ ಕಾಲಿನ ಸದ್ದಾಯಿತು. ಆಚಾರಿಯ ಕಣ್ಣ ಮುಂದೆ ಸೀಸದ ಗುಂಡು ಮೆಲ್ಲನೆ ಹೊರಟಿತು. ನಡುಗೆರೆ ದಾಟಿತು. ಬಲಕ್ಕೆ ಒಂದು ಗೇಣು ಹೋಗಿ ನಿಂತಿತು. ದುರ್ಗಕ್ಕ ಬುಟ್ಟಿ ಖಾಲಿ ಮಾಡಿ ಹೋದಳು. ಮತ್ತೆ ಕಾಲಿನ ಸದ್ದು. ಗುಂಡು ತವರಿಗೆ ಬಂದಂತೆ ಎಡಕ್ಕೆ ಬಂತು.

ಆಚಾರಿ ನಾಲ್ಕೇ ಹಾರಿಗೆ ಮೇಲೆ ಬಂದ. "ಅಣ್ಣಗಳಿರಾ, ಹಡಗಿನಲ್ಲಿ ದೋಷ ಇಲ್ಲ! ನೀವೆಲ್ಲ ಎಡಕ್ಕೆ ಕೂತಿದ್ದೀರಿ! ದಯಮಾಡಿ ನಡುವೆ ಬಂದು ಕೂರಿ!"

ಖಲಾಸಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಂದೆ?" ಎಂದ ತಂಡೇಲ. "ನಾವು ಎಡಕ್ಕೆ ಕೂತಿದ್ದೇವೆಯೇ? ಹನ್ನೊಂದು ವರ್ಷದಿಂದ ಇಲ್ಲೇ ಕೂತಿದ್ದೇವೆ ಮಾರಾಯ. ಈ ಹಲಗೆ ನೋಡು, ನನ್ನ ಕುಂಡೆಯ ಅಚ್ಚು ಬಿದ್ದಿದೆ. ಇದು ಎಡ ಅಲ್ಲ. ಇದು ನಡು."

"ನಡು ಅಲ್ಲಿದೆ ಅಣ್ಣಾ, ಕೂವೆಮರದ ಹತ್ತಿರ."

"ಅದು ಬಲ. ಅಲ್ಲಿಗೆ ನಾವು ಬಂಗಡೆಗೆ ಮಾತ್ರ ಹೋಗುವುದು." ತಂಡೇಲ ತನ್ನವರ ಕಡೆ ತಿರುಗಿದ. "ನಿನ್ನೆ ಮೊನ್ನೆ ಹಡಗು ಹತ್ತಿದವನು ನಮಗೆ ನಡು ತೋರಿಸಿಕೊಡಲು ಬಂದಿದ್ದಾನೆ ನೋಡ್ರಪ್ಪ!"

ಮೂವತ್ತೇಳು ಮಂದಿ ನಕ್ಕರು. ಒಬ್ಬ ಮುದುಕ ಖಲಾಸಿ ನಕ್ಕು ನಕ್ಕು ಕೆಮ್ಮು ಬಂದು ಇನ್ನೂ ಎಡಕ್ಕೆ ಒರಗಿದ.

ಆಚಾರಿ ಸರದಾರನ ಕಾಲು ಹಿಡಿದ. "ಒಡೆಯಾ, ನನ್ನ ಮಾತು ಬೇಡ. ಗುಂಡನ್ನೇ ಸಾಕ್ಷಿ ಕೇಳಿ. ಇವರು ನಡುವೆ ಬಂದು ನಿಲ್ಲಲಿ. ಗುಂಡು ಸರಿಯದಿದ್ದರೆ ನನ್ನನ್ನು ಕಟ್ಟಿ."

ಸರದಾರ ನ್ಯಾಯವಂತ. ಪರೀಕ್ಷೆ ಆಗಲಿ ಎಂದ. "ಎಲ್ಲರೂ ಒಟ್ಟಿಗೆ ಬರಬೇಕು" ಎಂದ ಆಚಾರಿ. "ಅದು ಹೇಗೆ ಬರುತ್ತದೆ?" ಎಂದ ತಂಡೇಲ. "ಎಲ್ಲರೂ ಒಟ್ಟಿಗೆ ಬಲಕ್ಕೆ ಹೋದರೆ ಹತ್ತು ಛಡಿ ಏಟು. ಸರದಾರರದ್ದೇ ಕಟ್ಟಳೆ." ಸರದಾರ ಗಡ್ಡ ನೀವಿಕೊಂಡ. ಕಟ್ಟಳೆ ತನ್ನದೇ ಹೌದು. ಯಾಕೆ ಮಾಡಿದ್ದೆಂದು ನೆನಪಾಗಲಿಲ್ಲ. ಆದರೂ ಕಟ್ಟಳೆ ಕಟ್ಟಳೆಯೇ. ದುರ್ಗಕ್ಕ ಬರುವ ಹೊತ್ತಿಗೆ ಅವನು ದಿನಾ ನಿದ್ದೆ ಮಾಡುತ್ತಿದ್ದ, ಹಾಗಾಗಿ ಬಂಗಡೆಯ ವಿಷಯ ಅವನಿಗೆ ತಿಳಿಯದು.

"ಒಬ್ಬೊಬ್ಬರಾಗಿ ಬನ್ನಿ" ಎಂದ.

ತಂಡೇಲ ಎದ್ದು ಗತ್ತಿನಿಂದ ನಡೆದು ಕೂವೆಮರದ ಬುಡದಲ್ಲಿ ನಿಂತ. ಸರದಾರ ತಳಮನೆಗೆ ಬಗ್ಗಿ ಗುಂಡು ನೋಡಿದ. ಗುಂಡು ಅಲುಗಲಿಲ್ಲ. ಎಂಟು ಎಮ್ಮೆಯ ತೋಪಿಗೆ ವಾಲಿದ ಹಡಗು ಒಬ್ಬ ಮುದುಕನಿಗೆ ಅಲುಗುತ್ತದೆಯೇ? "ಇವನದು ತಪ್ಪಿಲ್ಲ" ಎಂದ ಸರದಾರ. ತಂಡೇಲ ಹಿಂದೆ ಹೋಗಿ ಕೂತ. ಎರಡನೆಯವನು ಬಂದ. ಗುಂಡು ಅಲುಗಲಿಲ್ಲ. "ಇವನದೂ ತಪ್ಪಿಲ್ಲ." ಮೂರನೆಯವನು ಬಂದ. ಹೀಗೆ ಮೂವತ್ತೆಂಟು ಮಂದಿಯೂ ಬಂದು ನಿಂತು, ನಿರಪರಾಧಿಯಾಗಿ, ಹೋಗಿ ಎಡಕ್ಕೆ ಕೂತರು.

"ಒಬ್ಬೊಬ್ಬನದೂ ತಪ್ಪಿಲ್ಲ ಎಂದ ಮೇಲೆ ಎಲ್ಲರದೂ ಹೇಗೆ ತಪ್ಪಾಗುತ್ತದೆ?" ಎಂದ ಸರದಾರ. "ಈ ಹಡಗಿನಲ್ಲಿ ಪರೀಕ್ಷೆ ಆಗದೆ ಉಳಿದವನು ನೀನೊಬ್ಬ."



ಮೂರನೆಯ ದಿನ ಬೆಳಿಗ್ಗೆ ದ್ವೀಪದವರ ಹಡಗು ಕಾಣಿಸಿತು. ಆಚಾರಿಯನ್ನು ತೊಟ್ಟಿಲಂಥ ಒಂದು ಹಗ್ಗದ ಬಲೆಗೆ ಹಾಕಿ ಬಲಮಗ್ಗುಲಿಗೆ ಹೊರಗಡೆ ತೂಗುಬಿಟ್ಟರು. ಕಟ್ಟುವಾಗ ತಂಡೇಲ ಗಂಟು ಎರಡು ಸಲ ಬಿಗಿದು ನೋಡಿದ. ಕೆಟ್ಟವನಲ್ಲ ಪಾಪ. "ಊಟ ಮಾಡಿದ್ದೀಯಾ?" ಎಂದು ಕೇಳಿದ. ಆಚಾರಿಯ ಕರುಳು ಕರಗಿತು. "ಇಲ್ಲ ಅಣ್ಣಾ" ಎಂದ. "ಮಾಡಬೇಕಿತ್ತು ಮಾರಾಯ, ಇನ್ನೂ ಅರ್ಧ ಸೇರು ತೂಕ ಬರುತ್ತಿತ್ತು" ಎಂದು ತಂಡೇಲ ಒಳಗೆ ಹೋದ.

ಹಡಗು ಹೊರಟಿತು. ಮೂವತ್ತೆಂಟು ಮಂದಿ ಎಡಕ್ಕೆ ಇದ್ದುದರಿಂದ ಬಲಮಗ್ಗುಲು ಮೇಲೆದ್ದಿತ್ತು. ಆಚಾರಿ ನೀರಿನಿಂದ ಎರಡಾಳು ಎತ್ತರದಲ್ಲಿ, ಮಾಗಿದ ಹಲಸಿನಹಣ್ಣಿನ ಹಾಗೆ ಜೋತಾಡುತ್ತಿದ್ದ. ಶತ್ರುವಿನ ಹಡಗು ಎಡಗಡೆಯಿಂದ ಬಂತು. ಹತ್ತಿರವಾಯಿತು. ಎಡಗಡೆಯ ಮೊದಲ ತೋಪು ಹಾರಿತು. ಗುಂಡು ನಾಲ್ಕು ಮಾರು ಆಚೆ ನೀರಿಗೆ ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬಿತ್ತು. ಕಡಲ ತುಂಬ ಸತ್ತ ಮೀನು ತೇಲಿತು. ಆಚೆ ಹಡಗಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಅವರು ಗುಂಡು ಹೊಡೆಯುತ್ತಾರೆ ಎಂಬುದು ಆಚಾರಿಗೆ ತಿಳಿಯಿತು. ಈ ಹಡಗು ಮುಳುಗಿದರೆ ಮೂವತ್ತೆಂಟು ಮಂದಿ ಈಜುತ್ತಾರೆ. ತಾನು ಬಲೆಯೊಳಗಿದ್ದೇನೆ. ಗಂಟನ್ನು ಎರಡು ಸಲ ಬಿಗಿದಿದ್ದಾರೆ.

ನಿಜ ಹೇಳಿದರೆ ಇವರು ಅಲುಗುವುದಿಲ್ಲ ಎಂಬುದು ಅವನಿಗೆ ನಿನ್ನೆಯೇ ಗೊತ್ತಾಗಿತ್ತು. ಯಾವುದಕ್ಕೆ ಅಲುಗುತ್ತಾರೆ ಎಂಬುದೂ ಗೊತ್ತಾಗಿತ್ತು. ಅವನು ಎದೆ ತುಂಬ ಉಸಿರು ಎಳೆದುಕೊಂಡು ಹೆಣ್ಣು ದನಿಯಲ್ಲಿ ಕೂಗಿದ:

"ಬಂಗಡೆ! ಈಗ ಹಿಡಿದ ಬಂಗಡೆ! ಯಾರಿಗೆ ಬೇಕು?"

ಯುದ್ಧ ನಿಂತಿತು. ಖಲಾಸಿಗಳು ಬಲಕ್ಕೆ ಓಡಿದರು. ತಂಡೇಲ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಬುಟ್ಟಿ. ಬಲಮಗ್ಗುಲು ಧಡಾರನೆ ಇಳಿಯಿತು. ಆಚಾರಿ ಮೂಗಿನವರೆಗೆ ಉಪ್ಪುನೀರಿಗೆ ಹೋದ. ಎಡಮಗ್ಗುಲು ಮೇಲೆದ್ದಿತು. ನಾಲ್ಕನೆಯ ತೋಪಿನವನು ಮಾತ್ರ ಓಡಿರಲಿಲ್ಲ. ಅವನು ಆಗಷ್ಟೇ ಬತ್ತಿಗೆ ಬೆಂಕಿ ಹಚ್ಚಿ, ಎರಡೂ ಕಿವಿಯೊಳಗೆ ಬೆರಳಿಟ್ಟುಕೊಂಡು ಕೂತಿದ್ದ. ಹಾಗಾಗಿ ಬಂಗಡೆ ಅವನಿಗೆ ಕೇಳಿಸಲಿಲ್ಲ. ತೋಪು ನೀರಿನಿಂದ ತಲೆಯೆತ್ತಿತು, ಶತ್ರುವಿನ ಹಡಗಿಗೆ ನೇರ ಬಂತು, ಹಾರಿತು. ಆಚೆ ಕೂವೆಮರ ನಡುವಿಗೆ ಮುರಿದು ಹಾಯಿಪಟದ ಸಮೇತ ನಗುತ್ತಿದ್ದವರ ಮೇಲೆ ಬಿತ್ತು. ದ್ವೀಪದವರು ಹಾಯಿಪಟದ ಕೆಳಗಿನಿಂದಲೇ ಬಿಳಿ ಬಟ್ಟೆ ತೋರಿಸಿದರು.

ಹನ್ನೊಂದು ವರ್ಷದ ಯುದ್ಧ ಮುಗಿಯಿತು.

ಖಲಾಸಿಗಳಿಗೆ ಮೀನು ಸಿಗಲಿಲ್ಲ. ದುರ್ಗಕ್ಕನಿಗೆ ಬೈದುಕೊಂಡು ವಾಪಸು ಹೋಗಿ ಎಡಕ್ಕೆ ಕೂತರು. ಆಚಾರಿಯನ್ನು ಮೇಲೆ ಎಳೆದರು. ಅವನು ಇಷ್ಟು ನೀರು ಕಕ್ಕಿ, ಅಲ್ಲೇ ಕೈ ಮುಗಿದು ಕೇಳಿದ: "ಈಗಲಾದರೂ ತಿಳಿಯಿತೇ ಅಣ್ಣಗಳಿರಾ, ಹಡಗು ಯಾಕೆ ನೆಟ್ಟಗಾಯಿತು ಅಂತ?"

"ತಿಳಿಯದೆ ಏನು!" ಎಂದ ತಂಡೇಲ. ಅವನ ಕಣ್ಣಲ್ಲಿ ನೀರಿತ್ತು. "ನಿನ್ನನ್ನು ಕಟ್ಟಿದೆವು, ನೆಟ್ಟಗಾಯಿತು."

ಸರದಾರ ಆಚಾರಿಗೆ ಪಂಚೆ ಕೊಟ್ಟ, ಶಾಲು ಹೊದಿಸಿದ, ಅರಸನಿಂದ ಬೆಳ್ಳಿಯ ಕಡಗ ಕೊಡಿಸಿದ. ಇಂಥ ಗುಣದ ಮನುಷ್ಯನನ್ನು ಬಿಟ್ಟುಕೊಡುವುದು ಹೇಗೆಂದು ಹಡಗಿನಲ್ಲೇ ಕಾಯಂ ಮಾಡಿದ. ಅಂದಿನಿಂದ ಆ ಹಡಗು ಹೊರಡುವಾಗೆಲ್ಲ ಮೊದಲು ತೆಂಗಿನಕಾಯಿ ಒಡೆಯುತ್ತಾರೆ. ಆಮೇಲೆ ಆಚಾರಿಗೆ ಹೂವಿನ ಹಾರ ಹಾಕಿ, ಹೊಟ್ಟೆ ತುಂಬ ಊಟ ಬಡಿಸಿ, ಬಲಮಗ್ಗುಲಿಗೆ ಕಟ್ಟುತ್ತಾರೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ ನಕ್ಕು ನಕ್ಕು ಸುಸ್ತಾಗಿದ್ದ. ಶಲ್ಯದಲ್ಲಿ ಕಣ್ಣು ಒರೆಸಿಕೊಂಡ.

"ಎಂಥ ಮುಟ್ಠಾಳರು ಬುದ್ಧಿ! ಹಡಗನ್ನು ನೆಟ್ಟಗೆ ಮಾಡಿದವನನ್ನೇ ಕಟ್ಟಿದರಲ್ಲ! ತಾವು ಕೂತದ್ದು ನಡುವಲ್ಲ ಎಂದು ಮೂವತ್ತೆಂಟು ಜನರಲ್ಲಿ ಒಬ್ಬನಿಗಾದರೂ ಹೊಳೆಯಬಾರದೇ?" ಎಂದ. ಇನ್ನೂ ನಗುತ್ತಲೇ ಎದ್ದು ನಿಂತ. "ಅದಿರಲಿ, ಆ ಬಡಿಸುವವನ ಗಂಟುಮೂಟೆ ಕಟ್ಟಲೇ?"

"ಕಟ್ಟುವೆಯಂತೆ" ಎಂದರು ಗುರುಗಳು. "ಹಳೆಯವನು ನಿನ್ನ ಎಲೆಗೆ ಎಷ್ಟು ಮಿಳ್ಳೆ ತುಪ್ಪ ಹಾಕುತ್ತಿದ್ದ, ಮಗಾ?"

ಶಿಷ್ಯನ ನಗು ಅಲ್ಲೇ ನಿಂತಿತು.